1967ರ ಎಂಜಿಬಿ, ಒಳಗೆ ಕಾಂಟೆಸ್ಸಾ ಎಂಜಿನ್: 32 ಲಕ್ಷ ಕೇಳ್ತಿದ್ದಾರೆ, ಏನಂತೀರಿ?

ಚಾಮರಾಜಪೇಟೆ ಚಂದ್ರು
ನಮಸ್ಕಾರ ಎಲ್ಲರಿಗೂ. ಜಯನಗರದ ಕಡೆ ಹಿರಿಯರೊಬ್ಬರು 1967ರ ಎಂಜಿಬಿ ರೋಡ್‌ಸ್ಟರ್ (ಇಂಗ್ಲೆಂಡಿನ ಎಂಜಿ ಕಂಪನಿಯ, ಗಟ್ಟಿ ಛಾವಣಿ ಇಲ್ಲದ ಹಳೇ ಸ್ಪೋರ್ಟ್ಸ್ ಕಾರು) ಕೊಡುತ್ತಿದ್ದಾರೆ. ಬಲಗಡೆ ಸ್ಟೀರಿಂಗ್, ಕೆಂಪು ಬಣ್ಣ, ಸ್ಪೋಕ್ ವೀಲ್, ಎಂವೈಯಿಂದ ಶುರುವಾಗುವ ಹಳೇ ಮೈಸೂರು ನಂಬರ್. ಹೊರಗಿನಿಂದ ನೋಡಿದರೆ ಕಣ್ಣು ಕೀಳಕ್ಕಾಗಲ್ಲ. ಆದರೆ ಬಾನೆಟ್ ಎತ್ತಿದರೆ ಇರುವುದು ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸ್ಸಾ ಕಾರಿನ, ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್, ಅದರದೇ ಐದು ಗೇರಿನ ಗೇರ್‌ಬಾಕ್ಸ್. ಜೊತೆಗೆ ಬಕೆಟ್ ಸೀಟು, ಎಲೆಕ್ಟ್ರಿಕ್ ಫ್ಯಾನ್, ಹೊಸ ವೈರಿಂಗ್, ಬೇರೆ ಶಾಕ್ ಅಬ್ಸಾರ್ಬರ್, ಮರದ ಸಣ್ಣ ಸ್ಟೀರಿಂಗ್.

ಕೇಳುತ್ತಿರುವುದು 32 ಲಕ್ಷ. ಖರ್ಚು ಮಾಡಿದ್ದಕ್ಕೆಲ್ಲ ಬಿಲ್ ಇಟ್ಟಿದ್ದಾರೆ, ದಪ್ಪ ಫೈಲು, ಒಟ್ಟು 14 ಲಕ್ಷದ ಮೇಲಿದೆ. ಒಂದು ರೌಂಡ್ ಓಡಿಸಿದೆ, ಚೆನ್ನಾಗಿಯೇ ಓಡುತ್ತದೆ. ಇಂಥ ಗಾಡಿಗೆ ಬೆಲೆ ಕಟ್ಟುವುದು ಹೇಗೆ? ಹೋಲಿಸಿ ನೋಡೋಣ ಅಂದರೆ ಇನ್ನೊಂದು ಸಿಗುತ್ತಿಲ್ಲ.

ಸಿಲ್ಕ್‌ಬೋರ್ಡ್ ಸಂತ
ಎಂಜಿ ಅಂದ್ರೆ ಹೆಕ್ಟರ್ ಅಲ್ವಾ ಗುರು? 32 ಲಕ್ಷದಲ್ಲಿ ಹೊಸದೇ ಬರುತ್ತೆ, ಸನ್‌ರೂಫ್ ಸಮೇತ.

ಮೆಟಡೋರ್ ಮಂಜ
ಇದರಲ್ಲಿ ರೂಫೇ ಇಲ್ಲ ಸ್ವಾಮಿ, ಪೂರ್ತಿ ಸನ್ನು.

ಕಾರ್ಬ್ಯುರೇಟರ್ ಕಾಕಾ
ಚಂದ್ರು ಅವರೇ, ಮೊದಲು ಆ ಬಿಲ್ ಫೈಲ್ ಮುಚ್ಚಿಡಿ. ಅವರು ತಮ್ಮ ಖುಷಿಗೆ ಖರ್ಚು ಮಾಡಿದ್ದಾರೆ, ಖುಷಿಯನ್ನೂ ಪಟ್ಟಿದ್ದಾರೆ. ಅದನ್ನು ನೀವು ತೀರಿಸಬೇಕಿಲ್ಲ.

ನಾನು ಲೆಕ್ಕ ಹಾಕುವುದು ಹೀಗೆ. ಇದೇ ಕಾರು ಒರಿಜಿನಲ್ ಎಂಜಿನ್ ಜೊತೆ ಇದೇ ಸ್ಥಿತಿಯಲ್ಲಿ ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು? ಅದರಲ್ಲಿ, ವಾಪಸ್ ಮೊದಲಿನಂತೆ ಮಾಡಲು ತಗಲುವ ಖರ್ಚು ಕಳೆಯಿರಿ. ವಾಪಸ್ ಮಾಡಲು ಆಗುವುದೇ ಇಲ್ಲ ಅಂತಾದರೆ ಇನ್ನೂ ಕಳೆಯಿರಿ. ಸೀಟು, ಸ್ಟೀರಿಂಗ್, ಫ್ಯಾನ್ ಎಲ್ಲ ಒಂದು ಭಾನುವಾರದಲ್ಲಿ ಬಿಚ್ಚಿ ಹಾಕಬಹುದು, ಅವುಗಳಿಂದ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕತ್ತರಿಸಿದ್ದು, ವೆಲ್ಡ್ ಮಾಡಿದ್ದು ಬೇರೆ ಮಾತು. ಇಸುಜು ಗೇರ್‌ಬಾಕ್ಸ್ ಕೂರಿಸಲು ನಡುವಿನ ಟನಲ್ (ಗೇರ್‌ಬಾಕ್ಸ್ ಮೇಲೆ ಬರುವ ನೆಲದ ಉಬ್ಬು) ಕತ್ತರಿಸಿದ್ದಾರಾ? ಎಂಜಿನ್ ಮೌಂಟಿಂಗ್ ಕಿತ್ತು ಬೇರೆ ವೆಲ್ಡ್ ಮಾಡಿದ್ದಾರಾ? ಕಾರ್ಪೆಟ್ ಎತ್ತಿ ನೋಡಿ.

ಇನ್ನೊಂದು ವಿಷಯ. ಎಂಜಿಬಿಯ ಸ್ವಂತ ಎಂಜಿನ್ 1798 ಸಿಸಿ, 95 ಕುದುರೆ ಶಕ್ತಿ. ಕಾಂಟೆಸ್ಸಾದ್ದು 90ರ ಒಳಗೆ. ದುಡ್ಡು ಸುರಿದು ಶಕ್ತಿ ಕಡಿಮೆ ಮಾಡಿಸಿಕೊಂಡಂತಾಯಿತು. ಇದನ್ನು ಅಪ್‌ಗ್ರೇಡ್ ಅಂತ ಯಾರು ಕರೆದರೋ!

ಗೇರ್‌ಬಾಕ್ಸ್ ಗಿರಿ
ಕಾಕಾ, ಎಲ್ಲ ಸರಿ. ಆದರೆ ಕುದುರೆ ಲೆಕ್ಕ ಒಂದೇ ನೋಡಿದರೆ ಆಗಲ್ಲ. ಹಳೇ ಬಾಕ್ಸ್‌ನಲ್ಲಿ ನಾಲ್ಕೇ ಗೇರು. ಮೈಸೂರು ರಸ್ತೆಯಲ್ಲಿ 90ರಲ್ಲಿ ಹೋದರೆ ಎಂಜಿನ್ ಕೂಗಿ ಕೂಗಿ ಪಕ್ಕದಲ್ಲಿ ಕೂತವರ ಮಾತೇ ಕೇಳಿಸಲ್ಲ. ಐದನೇ ಗೇರ್ ಹಾಕಿದರೆ ಆರಾಮ. ಸಾಮಾನೂ ಜೆಸಿ ರಸ್ತೆಯಲ್ಲಿ ಸಿಗುತ್ತೆ. ಓಡಿಸೋಕೆ ಅಂತ ತಗೊಳ್ಳೋರಿಗೆ ಇದು ಒರಿಜಿನಲ್‌ಗಿಂತ ಒಳ್ಳೇದು. ಶೆಡ್‌ನಲ್ಲಿ ನಿಲ್ಲಿಸಿ ಪೂಜೆ ಮಾಡೋರಿಗೆ ಬೇಡ.

ಕಾರ್ಬ್ಯುರೇಟರ್ ಕಾಕಾ
ಅದಕ್ಕೇ ಎಂಜಿಯವರೇ ಓವರ್‌ಡ್ರೈವ್ (ವೇಗದಲ್ಲೂ ಎಂಜಿನ್ ನಿಧಾನಕ್ಕೆ ತಿರುಗುವಂತೆ ಮಾಡುವ ಹೆಚ್ಚುವರಿ ಗೇರು) ಕೊಡುತ್ತಿದ್ದರಲ್ಲ ಗಿರಿ. ಬೇಕಾದವರು ಹಾಕಿಸಿಕೊಳ್ಳಬಹುದಿತ್ತು. ಸಾಮಾನು ಸಿಗಲ್ಲ ಅನ್ನುವುದಂತೂ ಸುಳ್ಳು. ಎಂಜಿಬಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ಇಂಗ್ಲೆಂಡಿನಲ್ಲಿ ಇವತ್ತಿಗೂ ಒಂದೊಂದು ಬೋಲ್ಟೂ ಸಿಗುತ್ತೆ. ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು ಪೂರ್ತಿ ಬಾಡಿ ಶೆಲ್ಲನ್ನೇ ಹೊಸದಾಗಿ ಮಾಡಿ ಮಾರಿದ್ದಾರೆ. ಹಳೇ ಸ್ಪೋರ್ಟ್ಸ್ ಕಾರುಗಳಲ್ಲಿ ಸಾಮಾನು ಇದಕ್ಕೆ ಸಿಕ್ಕಷ್ಟು ಸುಲಭವಾಗಿ ಬೇರೆ ಯಾವುದಕ್ಕೂ ಸಿಗಲ್ಲ.

ಗೇರ್‌ಬಾಕ್ಸ್ ಗಿರಿ
ಸಿಗುತ್ತೆ, ಕಸ್ಟಮ್ಸ್‌ನಲ್ಲಿ ಕೂತಿರುತ್ತೆ.

ಅಂಬಿ1489
ಇಸುಜು ಯಾಕೆ ಹಾಕಿಸಿದರು ಪುಣ್ಯಾತ್ಮರು? ನಮ್ಮ ಅಂಬಾಸಡರ್ ಪೆಟ್ರೋಲ್ ಎಂಜಿನ್ನು ಎಂಜಿಬಿ ಎಂಜಿನ್ನು ಎರಡೂ ಒಂದೇ ಮನೆತನ, ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಮಾಡಿದ ಬಿ ಸೀರೀಸ್. ಎಂಜಿಬಿಗೆ ಮೊದಲು ಬಂದ ಎಂಜಿಎ ಶುರುವಾದದ್ದೇ 1489 ಸಿಸಿ ಎಂಜಿನ್‌ನಲ್ಲಿ. ಅಂಬಾಸಡರ್‌ದೂ ಅದೇ 1489. ಅದನ್ನು ಹಾಕಿದ್ದರೆ ನೋಡುವವರಿಗೆ ಗೊತ್ತೂ ಆಗುತ್ತಿರಲಿಲ್ಲ.

ಮೆಟಡೋರ್ ಮಂಜ
ಓಡುವಾಗ ಗೊತ್ತಾಗುತ್ತಿತ್ತು ಅಣ್ಣ. ನಂದಿ ಬೆಟ್ಟದ ತಿರುವಿನಲ್ಲಿ ಸ್ಕೂಟಿಯೇ ಅದನ್ನು ಹಿಂದೆ ಹಾಕುತ್ತಿತ್ತು.

ಅಂಬಿ1489
ನಮ್ಮ ಅಪ್ಪನ ಅಂಬಾಸಡರ್‌ನಲ್ಲಿ ಎಂಟು ಜನ ಕೂತು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೇವೆ. ಶಿರಾಡಿ ಘಾಟಿ ಹತ್ತಿದೆ ಅದು. ಸ್ಕೂಟಿ ಅಂತೆ.

ಆರ್‌ಟಿಒ ಸುತ್ತಿದವ
ಎಲ್ಲರೂ ಎಂಜಿನ್ ಬಗ್ಗೆ ಜಗಳ ಆಡ್ತಿದ್ದೀರಿ. ಯಾರೂ ಆರ್‌ಸಿ ಕೇಳಲಿಲ್ಲ. ಚಂದ್ರು, ಆರ್‌ಸಿಯಲ್ಲಿ ಎಂಜಿನ್ ನಂಬರ್ ಏನಿದೆ? ಇಸುಜು ನಂಬರೋ, ಎಂಜಿ ನಂಬರೋ?

ಚಾಮರಾಜಪೇಟೆ ಚಂದ್ರು
ಫೋಟೋ ತೆಗೆದುಕೊಂಡು ಬಂದಿದ್ದೆ, ಈಗ ನೋಡಿದೆ. ಎಂಜಿನ್ ನಂಬರ್ 18ಜಿಬಿ ಅಂತ ಶುರುವಾಗುತ್ತೆ. ಚಾಸಿಸ್ ಜಿಎಚ್‌ಎನ್3.

ಆರ್‌ಟಿಒ ಸುತ್ತಿದವ
18ಜಿಬಿ ಅಂದರೆ ಎಂಜಿಬಿಯ ಸ್ವಂತ ಎಂಜಿನ್. ಹಾಗಾದರೆ ಕಾಗದದ ಮೇಲೆ ಇಸುಜು ಎಂಜಿನ್ ಇಲ್ಲವೇ ಇಲ್ಲ. 32 ಲಕ್ಷದ ಮಾತು ಇಲ್ಲಿಗೆ ನಿಲ್ಲಿಸಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ತಯಾರಕರು ಹೇಳಿದ್ದಕ್ಕಿಂತ ಬೇರೆ ಥರ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಡಕ್ಕಾಗಿ ಹೇಳಿತು. ಎಂಜಿನ್ ಬದಲಾಯಿಸಬೇಕಾದರೆ ಮೊದಲೇ ಆರ್‌ಟಿಒ ಅನುಮತಿ ಬೇಕು, ಆಮೇಲೆ ಆರ್‌ಸಿಯಲ್ಲಿ ಹೊಸ ನಂಬರ್ ಏರಬೇಕು. ಬೇರೆ ಕಂಪನಿಯ ಎಂಜಿನ್‌ಗೆ ಅದು ಸಿಗುವುದು ಕಷ್ಟ. ಆ ಇಸುಜು ಯಾವ ಗಾಡಿಯಿಂದ ಬಂತು, ಆ ಗಾಡಿ ಗುಜರಿಗೆ ಹೋಗಿ ಆರ್‌ಸಿ ರದ್ದಾಯಿತಾ, ಎಂಜಿನ್‌ಗೆ ಬಿಲ್ ಇದೆಯಾ, ಎಲ್ಲ ಕೇಳುತ್ತಾರೆ.

ಈಗ ಇದಕ್ಕೂ ಬೆಲೆಗೂ ಏನು ಸಂಬಂಧ ಅಂದರೆ, 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಮಾಡಿಸಬೇಕಲ್ಲ. ಆವಾಗ ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿಸಿ ನಂಬರ್ ನೋಡಿದರೆ ಗಾಡಿ ಅಲ್ಲೇ ನಿಲ್ಲುತ್ತೆ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೂ ಅದನ್ನೇ. ನೀವು ಮಾರುವಾಗ ಮುಂದಿನವರು ಇದೇ ಪ್ರಶ್ನೆ ಕೇಳುತ್ತಾರೆ. ಇಷ್ಟು ತಲೆನೋವನ್ನೂ ಕೊಂಡುಕೊಳ್ಳುತ್ತಿದ್ದೀರಿ.

ಪದ್ಮಿನಿ ಪಾರ್ಟಿ
ಇನ್ಸ್‌ಪೆಕ್ಟರ್‌ಗೆ ಎಂಜಿಬಿಯಲ್ಲಿ ನಂಬರ್ ಎಲ್ಲಿರುತ್ತೆ ಅಂತಲೇ ಗೊತ್ತಿರಲ್ಲ ಬಿಡಿ. ಬೆಂಗಳೂರಲ್ಲಿ ನೂರಾರು ಪದ್ಮಿನಿ, ಅದೇ ಪ್ರೀಮಿಯರ್ ಕಂಪನಿಯ 118ಎನ್‌ಇ ಕಾರಿನ ಎಂಜಿನ್ ಹಾಕಿಕೊಂಡು ಓಡಾಡ್ತಿವೆ. ಯಾರು ಕೇಳಿದಾರೆ?

ಆರ್‌ಟಿಒ ಸುತ್ತಿದವ
ಪದ್ಮಿನಿ ಎರಡು ಲಕ್ಷದ ಗಾಡಿ. ಹೋದರೆ ಹೋಯ್ತು. ಇವರು 32 ಲಕ್ಷ ಇಡ್ತಿದ್ದಾರೆ.

ಪದ್ಮಿನಿ ಪಾರ್ಟಿ
ಎರಡು ಲಕ್ಷಕ್ಕೆ ಒಳ್ಳೆ ಪದ್ಮಿನಿ ಇದ್ದರೆ ನಂಬರ್ ಕೊಡಿ ಸಾರ್, ಈಗಲೇ ಬರ್ತೀನಿ.

ಇಂದಿರಾನಗರ ಇಂಡಿಕೇಟರ್
50 ವರ್ಷ ದಾಟಿದೆ ಅಲ್ವಾ? ವಿಂಟೇಜ್ ಅಂತ ನೋಂದಾಯಿಸಿದರೆ ಈ ತೊಂದರೆಯೇ ಇರಲ್ಲ. 2021ರಲ್ಲಿ ಹೊಸ ನಿಯಮ ಬಂದಿದೆ, ವಿಎ ಸೀರೀಸ್ ನಂಬರ್ ಕೊಡ್ತಾರೆ.

ಆರ್‌ಟಿಒ ಸುತ್ತಿದವ
ಆ ನಿಯಮ ಪೂರ್ತಿ ಓದಿ. 50 ವರ್ಷ ಆಗಿದ್ದರೆ ಸಾಲದು, ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿಸ್, ಬಾಡಿ, ಎಂಜಿನ್ ಬದಲಾಯಿಸಿರಬಾರದು. ಇಸುಜು ಇರುವವರೆಗೆ ಇದು ಅದರಲ್ಲಿ ಬರಲ್ಲ. ಇನ್ನೊಂದು, ವಿಂಟೇಜ್ ಅಂತ ಮಾಡಿಸಿದರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಬಂಕ್, ಅಷ್ಟೇ. ಮೊದಲೇ ನೋಂದಣಿ ಇರುವ ಗಾಡಿಗೆ ಹಳೇ ನಂಬರ್ ಇಟ್ಟುಕೊಳ್ಳಲು ಬಿಡುತ್ತಾರೆ, ಅದೊಂದು ಒಳ್ಳೇದು. ಎಂವೈ ನಂಬರ್‌ಗಾಗಿಯೇ ನಾಲ್ಕು ಕಾಸು ಜಾಸ್ತಿ ಕೊಡುವವರಿದ್ದಾರೆ.

ಸಿಲ್ಕ್‌ಬೋರ್ಡ್ ಸಂತ
ದಿನಾ ಓಡಿಸೋಕೆ ಆಗಲ್ಲ ಅಂದ್ರೆ ಸಿಲ್ಕ್‌ಬೋರ್ಡ್‌ಗೆ ಬರೋಕಾಗಲ್ಲ. ಅದೊಂದೇ ಕಾರಣಕ್ಕೆ ತಗೊಳ್ಳಬಹುದು.

ವೈಟ್‌ಫೀಲ್ಡ್ ವೈಪರ್
ಇಂಗ್ಲೆಂಡಿನಲ್ಲಿ 10ರಿಂದ 15 ಸಾವಿರ ಪೌಂಡ್‌ಗೆ ಓಡುವ ಸ್ಥಿತಿಯ ಒಳ್ಳೇ ಎಂಜಿಬಿ ಸಿಗುತ್ತೆ. 2025ರಿಂದ 50 ವರ್ಷ ದಾಟಿದ ಗಾಡಿಗಳನ್ನು ತರಿಸಲು ಸರ್ಕಾರವೂ ಬಿಟ್ಟಿದೆ. ಮೊದಲು 1950ಕ್ಕಿಂತ ಹಿಂದಿನವಕ್ಕೆ ಮಾತ್ರ ಇತ್ತು. ಅಲ್ಲಿಂದಲೇ ತರಿಸಿ, ಇದರ ಸಹವಾಸ ಬೇಡ.

ಕಾರ್ಬ್ಯುರೇಟರ್ ಕಾಕಾ
ವೈಪರ್ ಅವರು ಒಳ್ಳೆ ಮಾತು ತೆಗೆದರು. ಆದರೆ ತರಿಸುವುದು ಅಗ್ಗ ಅಲ್ಲ. ಸುಂಕ, ತೆರಿಗೆ ಎಲ್ಲ ಸೇರಿದರೆ ಕಾರಿನ ಬೆಲೆಗಿಂತ ಜಾಸ್ತಿ. ಹಡಗಿನ ಬಾಡಿಗೆ ಬೇರೆ. 12 ಲಕ್ಷದ ಕಾರು ಬೆಂಗಳೂರಿಗೆ ಬಂದು ನಿಲ್ಲುವಾಗ 30 ದಾಟಿರುತ್ತೆ. ಆಮೇಲೆ ವಿಂಟೇಜ್ ನೋಂದಣಿಗೆ 20 ಸಾವಿರ.

ಹಾಗಂತ ಈ ಲೆಕ್ಕ ಚಂದ್ರುಗೆ ಉಪಯೋಗಕ್ಕೆ ಬರುತ್ತೆ. ಹೋಲಿಸಲು ಇನ್ನೊಂದು ಇಲ್ಲ ಅಂದರಲ್ಲ, ಇದೇ ಹೋಲಿಕೆ. ಒರಿಜಿನಲ್ ಎಂಜಿನ್ ಇರುವ, ಕಾಗದ ಸರಿಯಿರುವ ಎಂಜಿಬಿಯನ್ನು 30 ಚಿಲ್ಲರೆಗೆ ತರಿಸಲು ದಾರಿ ಇದೆ ಅಂದಮೇಲೆ, ಕಾಗದ ಸರಿಯಿಲ್ಲದ ಇಸುಜು ಗಾಡಿಗೆ 32 ಯಾಕೆ ಕೊಡಬೇಕು? ಮೊದಲು ತರಿಸುವ ದಾರಿ ಇರಲಿಲ್ಲ, ಇದ್ದವರು ಹೇಳಿದ್ದೇ ರೇಟು. ಈಗ ಹಾಗಿಲ್ಲ. ಮಾರುವವರಿಗೆ ಇದು ಇನ್ನೂ ಗೊತ್ತಾಗಿಲ್ಲವೇನೋ.

ಚಾಮರಾಜಪೇಟೆ ಚಂದ್ರು
ತುಂಬಾ ಉಪಯೋಗವಾಯ್ತು. ಒಂದು ಹೇಳುವುದು ಮರೆತೆ. 70ರ ದಶಕದಲ್ಲಿ ಈ ಗಾಡಿ ಮದ್ರಾಸಿನ ಶೋಳಾವರಂ ರೇಸಿನಲ್ಲಿ ಓಡಿದೆಯಂತೆ. ಅದಕ್ಕೇ ಮಾಡಿಫೈ ಮಾಡಿದ್ದು, ಅದಕ್ಕೇ ಬೆಲೆ ಜಾಸ್ತಿ ಅಂತಾರೆ.

ಅಂಬಿ1489
ಕಾಂಟೆಸ್ಸಾ ಬಂದದ್ದೇ 1984ರಲ್ಲಿ. ಇಸುಜು ಎಂಜಿನ್ ಅದರಲ್ಲಿ ಬಂದದ್ದು ಇನ್ನೂ ಆಮೇಲೆ. ಮೊದಲಿನ ಕಾಂಟೆಸ್ಸಾಗೂ ಇದ್ದದ್ದು ನಮ್ಮ 1489ನೇ. 70ರ ದಶಕದ ರೇಸಿಗೆ ಇಸುಜು ಎಲ್ಲಿಂದ ಬಂತಪ್ಪಾ?

ಕಾರ್ಬ್ಯುರೇಟರ್ ಕಾಕಾ
ಗಾಡಿ ಆಗ ಎಂಜಿ ಎಂಜಿನ್‌ನಲ್ಲೇ ಓಡಿರಬಹುದು, ಸುಳ್ಳು ಅನ್ನಲ್ಲ. ಬೆಂಗಳೂರಿಂದ ಶೋಳಾವರಂಗೆ ಹೋಗುತ್ತಿದ್ದವರು ಬಹಳ ಜನ. ಹಾಗೆ ಓಡಿದ ಗಾಡಿಗೆ ಆ ಕಾಲದಲ್ಲೇ ಮಾಡಿದ ಬದಲಾವಣೆ ಇದ್ದರೆ, ಅದಕ್ಕೆ ನಿಜವಾಗಿಯೂ ಬೆಲೆ ಏರುತ್ತೆ. ಅಂಥದ್ದನ್ನು ವಾಪಸ್ ಒರಿಜಿನಲ್ ಮಾಡುವುದೇ ತಪ್ಪು. ಆದರೆ ಬಾಯಿಮಾತು ಸಾಲದು. ನಂಬರ್ ಪ್ಲೇಟ್ ಕಾಣುವ ಫೋಟೋ, ರೇಸಿನ ಪಟ್ಟಿ, ಹಳೇ ಪೇಪರ್ ಕಟಿಂಗ್, ಏನಾದರೂ ಇರಲೇಬೇಕು. ಇದ್ದರೂ ಅದರ ಮರ್ಯಾದೆ ಸಲ್ಲುವುದು ಹಳೇ ಎಂಜಿನ್‌ಗೆ. ಅದೆಲ್ಲಿದೆ ಕೇಳಿ. ಬಹಳ ಮುಖ್ಯ ಇದು.

ಗೇರ್‌ಬಾಕ್ಸ್ ಗಿರಿ
ಗುಜರಿಗೆ ಹೋಗಿರುತ್ತೆ, ಶಿವಾಜಿನಗರದಲ್ಲಿ ತೂಕಕ್ಕೆ.

ತಗಡು ತಮ್ಮಯ್ಯ
ಎಂಜಿನ್ನೇ ದೊಡ್ಡದು ಅಂದುಕೊಂಡಿದ್ದೀರಿ ಎಲ್ಲ. ನಾನು ಟಿಂಕರಿಂಗ್ ಕೆಲಸದವನು, ನನ್ನ ಮಾತೂ ಸ್ವಲ್ಪ ಕೇಳಿ. ಈ ಗಾಡಿಗೆ ಬೇರೆಯಾಗಿ ಚಾಸಿಸ್ ಇಲ್ಲ. ಬಾಡಿಯೇ ಎಲ್ಲ. ಮೇಲೆ ಛಾವಣಿ ಇಲ್ಲ, ಆದ್ದರಿಂದ ಬಾಗಿಲ ಕೆಳಗಿನ ಸಿಲ್ ಇದೆಯಲ್ಲ, ಪೂರ್ತಿ ಭಾರ ಅದರ ಮೇಲೆ. ಅದು ತುಕ್ಕು ಹಿಡಿದರೆ ಗಾಡಿ ನಡುವಿನಲ್ಲಿ ಬಾಗುತ್ತೆ. ಹೊರಗಡೆ ಹೊಸ ತಗಡು ಕೂರಿಸಿ ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗಲ್ಲ, ಒಳಗಿನ ಪದರ ಪುಡಿಪುಡಿ ಆಗಿರುತ್ತೆ.

ನೋಡುವ ಕ್ರಮ ಹೇಳ್ತೀನಿ. ಒಂದು ಸಣ್ಣ ಮ್ಯಾಗ್ನೆಟ್‌ಗೆ ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಎಳೀರಿ. ಎಲ್ಲಿ ಹಿಡಿಯಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆ. ಆಮೇಲೆ ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚಿನಲ್ಲಿ ಮೇಲೆ ಎಷ್ಟು ಸಂದು, ಕೆಳಗೆ ಎಷ್ಟು ಸಂದು ನೋಡಿಕೊಳ್ಳಿ. ಈಗ ಸಿಲ್ ಕೆಳಗೆ ಜಾಕ್ ಕೊಟ್ಟು ಚಕ್ರ ನೆಲ ಬಿಡುವವರೆಗೆ ಎತ್ತಿ. ಮತ್ತೆ ಬಾಗಿಲು ತೆಗೆದು ಹಾಕಿ. ಸರಾಗವಾಗಿ ಬಿದ್ದರೆ ಸರಿ. ಮೇಲಿನ ಸಂದು ಬದಲಾಗಿ ಬಾಗಿಲು ಉಜ್ಜಿದರೆ ಬಾಡಿಯಲ್ಲಿ ಜೀವ ಇಲ್ಲ ಅಂತ. ಗಾಡಿಯವರು ಜಾಕ್ ಕೊಡಲು ಬಿಡಲ್ಲ ಅಂದರೆ ಕಾಫಿ ಕುಡಿದು ಬಂದುಬಿಡಿ.

ಸ್ಪೋಕ್ ವೀಲನ್ನೂ ನೋಡಿ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಎತ್ತಿದ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಹಬ್‌ನ ಹಲ್ಲು ಸವೆದಿದೆ.

ಕಾರ್ಬ್ಯುರೇಟರ್ ಕಾಕಾ
ತಮ್ಮಯ್ಯನವರ ಮಾತಿಗೆ ಕೈ ಮುಗಿದೆ. ಇದನ್ನು ಮೊದಲ ಉತ್ತರವಾಗಿ ಮೇಲೆ ಹಾಕಬೇಕು.

ಪದ್ಮಿನಿ ಪಾರ್ಟಿ
ನಮ್ಮ ಭಾವ ಒಂದು ಹಳೇ ಹೆರಾಲ್ಡ್ ಕಾರು ತಗೊಂಡಿದ್ದರು, ಎಲ್ಲ ಮಾಡಿಸಿದ ಗಾಡಿ ಅಂತ. ಗ್ಯಾರೇಜಿನವರು ಕೊಟ್ಟ ಬಿಲ್‌ನಲ್ಲಿ ನೆಲದ ತಗಡು ಹೊಸದು ಅಂತ ಬರೆದಿತ್ತು. ಮಳೆಗಾಲದಲ್ಲಿ ಕೆಆರ್ ರಸ್ತೆಯಲ್ಲಿ ಮ್ಯಾಟ್ ಎತ್ತಿದರೆ ಕೆಳಗೆ ಪ್ಲೈವುಡ್. ಅದೂ ಒದ್ದೆ. ಗ್ಯಾರೇಜ್ ಅಷ್ಟರಲ್ಲಿ ಮುಚ್ಚಿತ್ತು. ಬಿಲ್ಲಿನ ಫೈಲ್ ಎಷ್ಟೇ ದಪ್ಪ ಇರಲಿ, ಮ್ಯಾಟ್ ಎತ್ತಿ ನೋಡದೆ ನಂಬಬೇಡಿ.

ಮೆಟಡೋರ್ ಮಂಜ
ಪ್ಲೈವುಡ್ ಮರೀನ್ ಗ್ರೇಡ್ ಇತ್ತಾ?

ಇಂದಿರಾನಗರ ಇಂಡಿಕೇಟರ್
ಈಗಿನ ಇ20 (20% ಎಥನಾಲ್ ಬೆರೆತ) ಪೆಟ್ರೋಲ್ ಇದಕ್ಕೆ ಆಗುತ್ತಾ? ನನ್ನ ಹಳೇ ಬೈಕಿನ ರಬ್ಬರ್ ಪೈಪ್ ಮೆತ್ತಗಾಗಿ ಬಿರುಕು ಬಿಟ್ಟಿತು.

ಗೇರ್‌ಬಾಕ್ಸ್ ಗಿರಿ
ಹಳೇ ರಬ್ಬರ್ ಇದ್ದರೆ ಪೈಪು, ಕಾರ್ಬ್ಯುರೇಟರ್ ಸೀಲು, ಪಂಪಿನ ಡಯಾಫ್ರಮ್ ಎಲ್ಲ ಬದಲಾಯಿಸಬೇಕು. ಎಥನಾಲ್ ತೇವ ಎಳೆದುಕೊಳ್ಳುತ್ತೆ, ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕ್ ಒಳಗೆ ತುಕ್ಕು. ಓಡಿಸುತ್ತಾ ಇರಬೇಕು. ಇದು ಇಸುಜುಗೂ ಒಂದೇ, ಎಂಜಿಗೂ ಒಂದೇ.

ಸಿಲ್ಕ್‌ಬೋರ್ಡ್ ಸಂತ
ನಮ್ಮ ಏರಿಯಾ ಹಂಪ್‌ಗಳ ಮೇಲೆ ಈ ಗಾಡಿ ಹೊಟ್ಟೆ ಉಜ್ಜಲ್ವಾ?

ಗೇರ್‌ಬಾಕ್ಸ್ ಗಿರಿ
ಉಜ್ಜುತ್ತೆ. ಸೈಲೆನ್ಸರ್ ವರ್ಷಕ್ಕೊಂದು ಅಂತ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಅದು ಒರಿಜಿನಲ್ ಗಾಡಿಗೂ ತಪ್ಪಲ್ಲ.

ಚಾಮರಾಜಪೇಟೆ ಚಂದ್ರು
ಮತ್ತೆ ಹೋಗಿ ಬಂದೆ. ನಮ್ಮ ಮೆಕ್ಯಾನಿಕ್ ಜೊತೆಗಿದ್ದರು. ಹಿರಿಯರು ಒಳ್ಳೆಯವರು, ಎಲ್ಲ ಮುಟ್ಟಿ ನೋಡಲು ಬಿಟ್ಟರು. ಜಾಕ್ ಕೂಡ ಅವರೇ ತಂದುಕೊಟ್ಟರು.

ಒಳ್ಳೆ ಸುದ್ದಿ: ಹಳೇ ಎಂಜಿನ್ ಗುಜರಿಗೆ ಹೋಗಿಲ್ಲ. ಮನೆ ಹಿಂದಿನ ಶೆಡ್‌ನಲ್ಲಿ, ಟಾರ್ಪಾಲಿನ್ ಕೆಳಗೆ, ಹಳೇ ಟಯರ್ ಮೇಲೆ ಕೂತಿದೆ. ಬ್ಲಾಕ್ ಮೇಲೆ ರಿವೆಟ್ ಹೊಡೆದ ಸಣ್ಣ ತಗಡಿನ ಪಟ್ಟಿ ಇದೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರೆ ನಂಬರ್ ಎದ್ದು ಬಂತು, ಆರ್‌ಸಿಯಲ್ಲಿರುವುದೇ. ನಾಲ್ಕು ಗೇರಿನ ಬಾಕ್ಸೂ ಇದೆ. ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳಲ್ಲಿ ಒಂದು ಇದೆ, ಇನ್ನೊಂದು ಯಾರೋ ಕೇಳಿಕೊಂಡು ಹೋದರಂತೆ.

ಕೆಟ್ಟ ಸುದ್ದಿ: ಟನಲ್ ಮೇಲೆ ಒಂದು ಗೇಣಿನಷ್ಟು ಕತ್ತರಿಸಿ ಬೇರೆ ತಗಡು ವೆಲ್ಡ್ ಮಾಡಿದ್ದಾರೆ. ಎಡಗಡೆ ಸಿಲ್‌ನಲ್ಲಿ ಹಿಂಚಕ್ರದ ಹತ್ತಿರ ಮ್ಯಾಗ್ನೆಟ್ ಜಾರಿ ಬಿತ್ತು. ಜಾಕ್ ಕೊಟ್ಟಾಗ ಎಡ ಬಾಗಿಲು ಉಜ್ಜಿತು, ಬಲ ಬಾಗಿಲು ಸರಿ ಇದೆ. ಚಕ್ರಗಳು ಟಕ್ ಅನ್ನಲಿಲ್ಲ. ಶೋಳಾವರಂದು ಒಂದೂ ಫೋಟೋ ಇಲ್ಲ.

ಆರ್‌ಟಿಒ ಸುತ್ತಿದವ
ಹಳೇ ಎಂಜಿನ್ ಇದ್ದರೆ ಅರ್ಧ ಗೆದ್ದಂತೆ. ಅದನ್ನು ವಾಪಸ್ ಕೂರಿಸಿದ ದಿನ ಆರ್‌ಸಿ ತಾನಾಗೇ ಸರಿಹೋಗುತ್ತೆ, ಯಾರ ಕಾಲೂ ಹಿಡಿಯಬೇಕಿಲ್ಲ. ಎಂಜಿನ್ ಬಿಟ್ಟು ಗಾಡಿ ಮಾತ್ರ ಕೊಡ್ತೀನಿ ಅಂದರೆ ತಗೊಳ್ಳಲೇಬೇಡಿ. ಗಾಡಿ ಹೊರಗಿಂದ ಬಂದದ್ದು ಅಂದಮೇಲೆ ಮೊದಲು ಯಾರ ಹೆಸರಿನಲ್ಲಿತ್ತು ಅಂತಲೂ ನೋಡಿ. ಆಗ ರಾಯಭಾರ ಕಚೇರಿಯವರ ಗಾಡಿಗಳು ಎಸ್‌ಟಿಸಿ (ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್) ಮೂಲಕ ಮಾರಾಟ ಆಗುತ್ತಿದ್ದವು. ಅಂಥ ಕಾಗದ ಇದ್ದರೆ ಭದ್ರವಾಗಿಡಿ.

ತಗಡು ತಮ್ಮಯ್ಯ
ಎಡ ಸಿಲ್ ಪೂರ್ತಿ ಮೂರು ಪದರ ಬಿಚ್ಚಿ ಮಾಡಬೇಕು. ಬಾಡಿಗೆ ಒಳಗಿಂದ ಆಸರೆ ಕೊಟ್ಟು ಮಾಡುವವರ ಹತ್ತಿರ ಮಾತ್ರ ಕೊಡಿ. ಸುಮ್ನೆ ಕತ್ತರಿಸಿದರೆ ಗಾಡಿ ಸೊಟ್ಟಗಾಗುತ್ತೆ, ಆಮೇಲೆ ಬಾಗಿಲು ಯಾವತ್ತೂ ಕೂರಲ್ಲ. ಎಡಕ್ಕೆ ಬಂದಿದೆ ಅಂದರೆ ಬಲಕ್ಕೂ ಒಳಗೆ ಶುರುವಾಗಿರುತ್ತೆ. ಟನಲ್ ದೊಡ್ಡ ವಿಷಯ ಅಲ್ಲ, ಅದಕ್ಕೆ ತಗಡು ಸಿಗುತ್ತೆ.

ಕಾರ್ಬ್ಯುರೇಟರ್ ಕಾಕಾ
ಹಾಗಾದರೆ ಈಗ ಅಂಕಿ ಹಾಕೋಣ. ಇದೆಲ್ಲ ನನ್ನ ಅಂದಾಜು, ಜಗಳಕ್ಕೆ ಬರಬೇಡಿ. ತರಿಸಿದ ಒಳ್ಳೇ ಗಾಡಿ 30ರ ಮೇಲೆ. ಇದು ಒರಿಜಿನಲ್ ಆಗಿದ್ದರೂ ಆ ಮಟ್ಟದ್ದಲ್ಲ, 28 ಅನ್ನಿ, ಎಂವೈ ನಂಬರಿನ ಮರ್ಯಾದೆಗೆ. ಹಳೇ ಎಂಜಿನ್, ಗೇರ್‌ಬಾಕ್ಸ್ ಬಿಚ್ಚಿ ಮಾಡಿಸಿ ಕೂರಿಸಲು, ಕಾರ್ಬ್ಯುರೇಟರ್ ತರಿಸಲು 4. ಸಿಲ್ ಎರಡೂ ಕಡೆ, ಟನಲ್, ಬಣ್ಣ ಸೇರಿ 4. ಒಳಗೆ ಏನಿದೆಯೋ ಗೊತ್ತಿಲ್ಲದ್ದಕ್ಕೆ 1. ಉಳಿದದ್ದು 19. ಅವರು ಮಾಡಿಸಿದ ವೈರಿಂಗ್ ನಿಜವಾಗಿ ಒಳ್ಳೆಯದಿದ್ದರೆ 20. ಅದರ ಮೇಲೆ ಹೋಗಬೇಡಿ.

ಗೇರ್‌ಬಾಕ್ಸ್ ಗಿರಿ
ಕಾಕಾ, ಎಲ್ಲರೂ ಒರಿಜಿನಲ್ ಮಾಡಿಸುತ್ತಾರೆ ಅಂತಲೇ ಲೆಕ್ಕ ಹಾಕ್ತಿದ್ದೀರಿ. ಚಂದ್ರು ಓಡಿಸೋಕೆ ಇಷ್ಟಪಟ್ಟಿರೋದು ಇಸುಜುವನ್ನೇ. ಎಂಜಿನ್ ವಾಪಸ್ ಹಾಕಿಸುವ ಆ 4 ಲಕ್ಷ ಅವರು ಖರ್ಚು ಮಾಡದೇ ಇರಬಹುದು. ನಾನಾದರೆ 23ರವರೆಗೆ ಹೋಗ್ತೀನಿ.

ಕಾರ್ಬ್ಯುರೇಟರ್ ಕಾಕಾ
ಅವರು ಖರ್ಚು ಮಾಡದಿದ್ದರೂ ಅವರಿಂದ ಕೊಳ್ಳುವವರು ಕಳೆದೇ ಕೇಳುತ್ತಾರೆ ಗಿರಿ. ಮೇಲೆ ಆರ್‌ಸಿ ತೊಂದರೆ ಹಾಗೇ ಉಳಿಯುತ್ತೆ. ಓಡಿಸುವ ಖುಷಿ ನಿಮ್ಮದು, ಅದಕ್ಕೆ ಬೇರೆಯವರು ದುಡ್ಡು ಕೊಡಲ್ಲ.

ಗೇರ್‌ಬಾಕ್ಸ್ ಗಿರಿ
ಎಲ್ಲರೂ ಮಾರೋಕೆ ಅಂತಲೇ ಕೊಳ್ಳಲ್ಲ.

ಇಂದಿರಾನಗರ ಇಂಡಿಕೇಟರ್
ಇನ್ಶೂರೆನ್ಸ್‌ಗೆ ಎಷ್ಟು ಬೆಲೆ ತೋರಿಸಬೇಕು ಇಂಥದ್ದಕ್ಕೆ?

ಆರ್‌ಟಿಒ ಸುತ್ತಿದವ
ಐದು ವರ್ಷ ದಾಟಿದ ಗಾಡಿಗೆ ಐಡಿವಿ (ವಿಮೆಗೆ ಘೋಷಿಸುವ ಗಾಡಿಯ ಬೆಲೆ) ಎಷ್ಟು ಅಂತ ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಳ್ಳಬೇಕು. ಸರ್ವೇಯರ್ ಕೈಲಿ ಲಿಖಿತವಾಗಿ ಬೆಲೆ ಕಟ್ಟಿಸಿ, ಫೋಟೋ ಹಚ್ಚಿ ಕೊಡಿ. ಬಾಯಲ್ಲಿ ಹೇಳಿ ಬಂದರೆ ಸಿಸ್ಟಮ್‌ನಲ್ಲಿ ಅವರಿಗೆ ತೋಚಿದ ಅಂಕಿ ಹಾಕಿ ಕೂರುತ್ತಾರೆ.

ಚಾಮರಾಜಪೇಟೆ ಚಂದ್ರು
ಹಳೇ ಎಂಜಿನ್, ಗೇರ್‌ಬಾಕ್ಸ್, ಕಾಗದ ಎಲ್ಲ ಸೇರಿ 20 ಅಂತ ಹೇಳಿ ಬಂದೆ. ಹಿರಿಯರು ಬೈಯಲಿಲ್ಲ. "ಬಿಲ್ ನೋಡಿದ್ರಲ್ಲಪ್ಪಾ" ಅಂದರು, ಅಷ್ಟೇ. ಆಮೇಲೆ 26ಕ್ಕೆ ಇಳಿದರು. ಎಡ ಬಾಗಿಲು ಉಜ್ಜುವುದನ್ನು ಇನ್ನೊಂದು ಸಲ ತೋರಿಸಿದೆ, 24 ಅಂದರು. ಮಗನನ್ನು ಕೇಳಿ ಹೇಳ್ತಾರಂತೆ. ನಾನು 21ರ ಮೇಲೆ ಹೋಗುವುದಿಲ್ಲ. ಎಂಜಿನ್ ವಾಪಸ್ ಹಾಕಿಸುವುದು ಅಂತಲೂ ತೀರ್ಮಾನ ಮಾಡಿದೆ. ಗಿರಿ ಅವರು ಬೇಜಾರು ಮಾಡಿಕೊಳ್ಳಬಾರದು.

ಗೇರ್‌ಬಾಕ್ಸ್ ಗಿರಿ
ಬೇಜಾರಿಲ್ಲ. ಬಿಚ್ಚಿದ ಇಸುಜು ಎಂಜಿನ್ ಗೇರ್‌ಬಾಕ್ಸ್ ಏನು ಮಾಡ್ತೀರಿ? ನನ್ನ ಕಾಂಟೆಸ್ಸಾಗೆ ಬೇಕು. 80 ಸಾವಿರ ಕೊಡ್ತೀನಿ.

ಮೆಟಡೋರ್ ಮಂಜ
ಈಗ ಗೊತ್ತಾಯ್ತು ಇವರು ಇಸುಜು ಇಸುಜು ಅಂತ ಯಾಕೆ ಹೊಗಳುತ್ತಿದ್ದರು ಅಂತ.

ಅಂಬಿ1489
80 ಜಾಸ್ತಿ ಆಯ್ತು. ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ ಗಿರಿ, ಆಮೇಲೆ ಮಾತಾಡಿ.